ಸೂಜಿ ಚುಚ್ಚಿದ ಮುಖ

ಉಯಿಲು ಬರೆಯುವ ನೋಟರಿಯೂ ಚಿತ್ರ ಬರೆಯುವ ಬಾಲ್ದೋನೂ ಒಂದೇ ವಾರ ಮನೆಗೆ ಬಂದದ್ದು ದಿಯನೋರಾಳಿಗೆ ಸ್ವಲ್ಪವೂ ಹಿಡಿಸಲಿಲ್ಲ. ನಮ್ಮ ಫ್ಲಾರೆನ್ಸಿನಲ್ಲಿ ಸೊಸೆ ಬಸುರಿ ಎಂದು ಗೊತ್ತಾದರೆ ಮೊದಲು ನೋಟರಿಗೆ ಹೇಳಿ ಕಳಿಸುತ್ತಾರೆ. ಹೆರಿಗೆಯಲ್ಲಿ ಏನಾದರೂ ಆದರೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಬಟ್ಟಲು ಸಿಹಿ ವೈನು ಕೈಗೆ ಕೊಟ್ಟು, ತವರಿನಿಂದ ತಂದ ಉಂಗುರ ಯಾರಿಗೆ, ತುಪ್ಪುಳದ ಮೇಲಂಗಿ ಯಾರಿಗೆ ಎಂದು ನಗುನಗುತ್ತ ಕೇಳಿ ಬರೆಸಿಕೊಳ್ಳುತ್ತಾರೆ. ದಿಯನೋರಾ ಎಲ್ಲಕ್ಕೂ ಹೂಂ ಎಂದಳು. ಆ ಮನೆಗೆ ಬಂದು ವರ್ಷ ತುಂಬಿರಲಿಲ್ಲ, ಹೂಂ ಅನ್ನದೆ ಇನ್ನೇನು ಅಂದಾಳು!

ಎರಡು ದಿನ ಬಿಟ್ಟು ಬಾಲ್ದೋ ಬಂದ. ಅವನನ್ನು ಕರೆಸಿದ್ದು ಅತ್ತೆ ಮೊನ್ನಾ ಪಿಪ್ಪಾ.

"ಮುಖ ಊದ್ಕೊಳ್ಳೋ ಮುಂಚೆ ಬರೆಸಿಬಿಡೋಣ. ಆಮೇಲೆ ಯಾರಿಗೆ ಗೊತ್ತು," ಎಂದಿದ್ದಳು ಆಕೆ. ಮಾತು ಅಲ್ಲಿಗೇ ನಿಂತಿದ್ದರಿಂದ ದಿಯನೋರಾಳಿಗೆ ಉಳಿದರ್ಧ ತಾನೇ ತುಂಬಿಕೊಳ್ಳಬೇಕಾಯಿತು.

ಬಾಲ್ದೋ ಅವಳನ್ನು ಅಡುಗೆಮನೆಯ ಕಿಟಕಿಯ ಹತ್ತಿರ ಕೂರಿಸಿದ. ಬ್ರೆಡ್ಡು ಒಲೆಯಿಂದ ಇಳಿಯುವಷ್ಟರಲ್ಲಿ ಅವನ ಕೆಲಸ ಮುಗಿದಿತ್ತು. ಮನೆಯವರೆಲ್ಲ ಸುತ್ತ ನಿಂತು ನೋಡಿದರು. ಇದ್ದದ್ದೇ ಕೆಲವು ಗೆರೆ. ಹಣೆ, ಮೂಗು, ಒಂದು ಕಣ್ಣು ಪೂರ್ತಿ, ಇನ್ನೊಂದು ಅರೆಬರೆ. ತುಟಿಗೆ ಒಂದೇ ಗೆರೆ. ಕೊರಳಿನ ಗೆರೆ ಕಿವಿಯ ಕೆಳಗಿಂದ ಹೊರಟು ನಡುವೆ ನಿಂತುಬಿಟ್ಟಿತ್ತು. ಕೈಗಳ ಜಾಗದಲ್ಲಿ ಮೊಟ್ಟೆಯಂಥ ಒಂದು ಸುತ್ತು.

"ಇಷ್ಟೇನಾ? ಇಷ್ಟು ಗೆರೆ ನಮ್ಮ ಬೆಕ್ಕೂ ಗೀರುತ್ತೆ," ಎಂದ ಮಾವ ಗೆರಾರ್ದೋ. ಜೀವಮಾನವಿಡೀ ಬಣ್ಣದ ಹಂಡೆಗಳಲ್ಲಿ ಉಣ್ಣೆ ಅದ್ದಿದವನು, ಉಗುರು ಇನ್ನೂ ನೀಲಿ.

"ಇದು ಬರೀ ತಯಾರಿ ಯಜಮಾನ್ರೆ. ಉಳಿದದ್ದು ನನ್ನ ತಲೇಲಿದೆ. ಬಣ್ಣ ಹಲಗೆ ಮೇಲೆ," ಎಂದ ಬಾಲ್ದೋ.

"ಕೈ?"

"ಕೈಗೇನು ಅವಸರ? ಆಮೇಲೆ ಬರೆದ್ರಾಯ್ತು."

"ಕಣ್ಣಂತೂ ಇವಳದ್ದೇ," ಎಂದ ಗಂಡ ನೋಫ್ರಿ. "ಉಪ್ಪು ಕಮ್ಮಿ ಅಂದ್ರೆ ನನ್ನ ಹೀಗೇ ನೋಡ್ತಾಳೆ."

ಎಲ್ಲರೂ ನಕ್ಕರು, ಮೊನ್ನಾ ಪಿಪ್ಪಾ ನಗಲಿಲ್ಲ. ಅವಳು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಚೆಕ್ಕಾಳ ಚಿತ್ರದಲ್ಲೂ ಕೊರಳು ಹೀಗೇ ನಡುವೆ ನಿಂತಿತ್ತು," ಎಂದಳು.

ಚೆಕ್ಕಾ ನೋಫ್ರಿಯ ಮೊದಲ ಹೆಂಡತಿ. ಅವಳನ್ನೂ ಇದೇ ಬಾಲ್ದೋ ಹೀಗೇ ಬರೆದುಕೊಂಡು ಹೋಗಿದ್ದ. ಹಲಗೆಗೆ ಸುಣ್ಣ ಬಳಿದು, ಅದು ಒಣಗುವಷ್ಟರಲ್ಲಿ ಅವಳು ಹೆರಿಗೆಮಂಚದ ಮೇಲೆ ತೀರಿಕೊಂಡಿದ್ದಳು. ಹಲಗೆ ಈಗಲೂ ಅವನ ಅಂಗಡಿಯಲ್ಲೇ ಇದೆಯೆಂದೂ, ಈ ಸಲ ಹೊಸದು ಬೇಡ, ಅದನ್ನೇ ಬಳಸಿದರಾಯಿತೆಂದೂ ಗೆರಾರ್ದೋ ಆಗಲೇ ಮಾತಾಡಿ ಮುಗಿಸಿದ್ದ. ಉಳಿತಾಯದ ವಿಷಯ ಬಂದರೆ ಆ ಮನುಷ್ಯನಿಗೆ ಸತ್ತವರೂ ಒಂದೇ, ಬದುಕಿದವರೂ ಒಂದೇ.

ಊಟಕ್ಕೆ ಅವರೆಕಾಳಿನ ಸಾರು, ಬಿಸಿ ಬ್ರೆಡ್ಡು. ದಿಯನೋರಾಳಿಗೆ ತುತ್ತು ಇಳಿಯಲಿಲ್ಲ. ಕೈ ಮತ್ತೆ ಮತ್ತೆ ಕೊರಳಿಗೆ ಹೋಗುತ್ತಿತ್ತು.

"ತಿನ್ನಿ ಅಮ್ಮಾವ್ರೆ," ಎಂದು ಬಟ್ಟಲನ್ನು ಮುಂದೆ ತಳ್ಳಿದವಳು ಓರ್ಸೊಲಾ. ಕರಿಸಮುದ್ರದ ಆಚೆಯ ಯಾವುದೋ ಊರಿನವಳು. ಹುಡುಗಿಯಾಗಿದ್ದಾಗ ಗೆರಾರ್ದೋ ಅವಳನ್ನು ದಲ್ಲಾಳಿಯಿಂದ ಕೊಂಡು ತಂದಿದ್ದ. ಈಗ ಕಿವಿಯ ಹತ್ತಿರ ಕೂದಲು ನೆರೆತಿದೆ. ಬಾವಿಹಗ್ಗಕ್ಕೆ ಸಿಕ್ಕಿ ಮುರಿದ ಅವಳ ಎಡಗೈ ಕಿರುಬೆರಳು ವಾರೆಯಾಗಿಯೇ ಕೂಡಿಕೊಂಡಿತ್ತು. ಮನೆಯಲ್ಲಿ ಹಿಟ್ಟು ನಾದುವುದರಿಂದ ಹಿಡಿದು ಸೊಸೆಯ ಬೆನ್ನು ತಿಕ್ಕುವವರೆಗೆ ಎಲ್ಲವೂ ಆ ಕೈಯದೇ.

"ನೀನೂ ನೋಡಿದೆಯಲ್ಲ ಓರ್ಸೊಲಾ, ನಿನಗೇನನ್ನಿಸ್ತು?" ಎಂದು ಪಾತ್ರೆ ತೊಳೆಯುವಾಗ ದಿಯನೋರಾ ಕೇಳಿದಳು.

"ಯಾರೋ ಹಿಂದಿನಿಂದ ನಿಮ್ಮ ಹೆಸರು ಕರೆದ ಹಾಗಿದೆ. ನೀವಿನ್ನೂ ತಿರುಗಿಲ್ಲ."

"ಯಾರು ಕರೆದದ್ದು?"

"ಅಯ್ಯೋ, ನನಗೇನು ಗೊತ್ತು? ಸುಮ್ನೆ ಅಂದೆ," ಎಂದಳು ಓರ್ಸೊಲಾ. ಅಂದದ್ದು ಅಂದಾಗಿತ್ತು. ಚೆಕ್ಕಾಳೇ ಕರೆಯುತ್ತಿದ್ದಾಳೆಂದು ದಿಯನೋರಾ ಆ ಗಳಿಗೆಯಿಂದ ನಂಬಿಬಿಟ್ಟಳು.

ಆಮೇಲಿನ ವಾರಗಳಲ್ಲಿ ಅವಳು ಇಳಿದುಹೋದಳು. ಅತ್ತೆ ಕೋಳಿಯ ರಸ ಮಾಡಿಸಿದಳು, ಕೊರಳಿಗೆ ಹವಳ ಕಟ್ಟಿದಳು, ನಿಂತಲ್ಲಿ ಕೂತಲ್ಲಿ ಗದರಿದಳು.

"ನೀನು ಉಪವಾಸ ಬಿದ್ದರೆ ಒಳಗಿರೋದು ಏನು ತಿನ್ನಬೇಕೇ? ನನ್ನ ಮಗನಿಗೆ ಮೂರನೇ ಸಲ ಹೆಣ್ಣು ಹುಡುಕೋಕೆ ನನ್ನ ಕೈಲಾಗಲ್ಲ, ಹೇಳಿದೀನಿ!"

"ತಿಂತೀನಿ ಅತ್ತೆ."

"ತಿಂತೀನಿ ತಿಂತೀನಿ ಅಂತ ಬೆಕ್ಕಿಗೆ ಹಾಕ್ತೀಯ. ನಾನು ನೋಡಿಲ್ಲ ಅನ್ಕೊಂಡಿದೀಯ?"

ಕೊನೆಗೆ ಒಂದು ದಿನ, ಅತ್ತೆ ಪೂಜೆಗೆಂದು ಚರ್ಚಿಗೆ ಹೋಗಿದ್ದಾಗ, ದಿಯನೋರಾ ಓರ್ಸೊಲಾಳ ತೋಳು ಹಿಡಿದುಕೊಂಡಳು.

"ಬಟ್ಟೆ ಒಗೆಯೋಕೆ ನದಿಗೆ ಹೋಗ್ತೀಯಲ್ಲ, ಹಾಗೇ ಬಾಲ್ದೋನ ಅಂಗಡಿಗೆ ಹೋಗಿ ಬಾ. ಕೊರಳು ಪೂರ್ತಿ ಬರೆದಿದಾನಾ ನೋಡು. ಆಗೋದಾದ್ರೆ ಆ ಹಾಳೇನ ಇಸ್ಕೊಂಡು ಬಾ. ನನ್ನ ಕಣ್ಣಾರೆ ನೋಡಬೇಕು."

"ಯಜಮಾನತಿಗೆ ಗೊತ್ತಾದ್ರೆ?"

"ಗೊತ್ತಾಗಬಾರದು. ನಾನು ಕಳಿಸಿದೆ ಅಂತ ಯಾರಿಗೂ ಹೇಳಬೇಡ. ನಿನ್ನ ದಮ್ಮಯ್ಯ. ಗಂಡ ಊರಲ್ಲಿಲ್ಲದಾಗ ಚಿತ್ರಗಾರನ ಹತ್ರ ಆಳು ಕಳಿಸಿದಳು ಅಂದ್ರೆ ಏನು ಕಥೆ ಕಟ್ತಾರೋ!"

"ಹೇಳಲ್ಲ ಬಿಡಿ," ಎಂದಳು ಓರ್ಸೊಲಾ.

ಅವಳು ಹಿಂತಿರುಗುವಾಗ ಸಂಜೆಯಾಗಿತ್ತು. ಒದ್ದೆಬಟ್ಟೆಯ ಬುಟ್ಟಿಯ ತಳದಲ್ಲಿ, ಒಣಗಿದ ಒಂದು ಹಚ್ಚಡದೊಳಗೆ ಸುತ್ತಿದ ಹಾಳೆ.

"ಕಾಸು ಕೇಳಲಿಲ್ಲ ಅಮ್ಮಾವ್ರೆ. ಸ್ವಲ್ಪ ಹೊತ್ತು ಇಲ್ಲಿ ಕೂತು ಈ ಹೂ ಹಿಡ್ಕೋ, ಕೈ ಅಲುಗಿಸಬೇಡ ಅಂದ್ರು. ಕೂತೆ. ಆಮೇಲೆ ಇದರ ಕೆಲಸ ಮುಗೀತು, ತಗೊಂಡು ಹೋಗು ಅಂತ ಕೊಟ್ರು. ಬಿಚ್ಚಿ ನೋಡೋಕೂ ಪುರುಸೊತ್ತಾಗಲಿಲ್ಲ, ಓಡಿ ಬಂದೆ."

ಇಬ್ಬರೂ ಕಿಟಕಿಯ ಹತ್ತಿರ ಹೋಗಿ ಹಾಳೆ ಬಿಚ್ಚಿದರು.

ಮುಖದ ತುಂಬ ಸೂಜಿಯ ತೂತು. ಕಣ್ಣಿನ ಸುತ್ತ, ತುಟಿಯ ಉದ್ದಕ್ಕೂ, ಹಣೆಯ ಮೇಲೆ, ಕೊರಳಿನ ಅರ್ಧ ಗೆರೆಯ ಮೇಲೆ ಒತ್ತೊತ್ತಾಗಿ ಚುಚ್ಚಿದ್ದರು. ಎಲ್ಲದರ ಮೇಲೂ ಕಪ್ಪು ಮಸಿ ತಿಕ್ಕಿದ್ದರು. ಬೆಳಕಿಗೆ ಹಿಡಿದಾಗ ಕಣ್ಣೊಳಗಿಂದ ಸಂಜೆಯ ಬಿಸಿಲು ಸಣ್ಣಸಣ್ಣ ಚುಕ್ಕೆಯಾಗಿ ತೂರಿ ಬಂತು. ಮೇಣದ ಗೊಂಬೆಗೆ ಸೂಜಿ ಚುಚ್ಚಿ ಆಗದವರನ್ನು ಕೊಲ್ಲುವ ಕಥೆ ಆ ಓಣಿಯಲ್ಲಿ ಕೇಳದೆ ಬೆಳೆದವರು ಯಾರಿದ್ದಾರೆ?

"ಯಾರೋ ನನ್ನ ಸಾಯಿಸ್ತಿದಾರೆ ಓರ್ಸೊಲಾ. ಸುಟ್ಟುಬಿಡು ಇದನ್ನ!"

"ಬೇಡ ಬೇಡ! ಮುಖ ಸುಟ್ಟರೆ ನಿಮ್ಮನ್ನೇ ಸುಟ್ಟ ಹಾಗೆ. ನಮ್ಮ ಕಡೆ ಇದಕ್ಕೆ ಉಪ್ಪು, ಬ್ರೆಡ್ಡಿನ ತುಂಡು ಇಟ್ಟು ಸುತ್ತಿ, ಮಲಗೋ ಜಾಗದಲ್ಲಿ ಇಟ್ಕೋತಾರೆ. ಬಂದ ಕೆಡುಕು ಇಟ್ಟುಕೊಂಡವರ ಮೈಗೆ ಹೋಗುತ್ತೆ."

"ನಿನ್ನ ಮೈಗಾ?"

"ನನ್ನದೇನು, ಒಣಕಲು ಮೈ. ಅದಕ್ಕೂ ಬೇಜಾರಾಗಿ ಹೊರಟುಹೋಗುತ್ತೆ," ಎಂದು ಓರ್ಸೊಲಾ ಹಾಳೆ ಸುತ್ತಿ, ತನ್ನ ಹುಲ್ಲಿನ ಹಾಸಿಗೆಯೊಳಗೆ ತೂರಿಸಿದಳು.

ಅಂದು ದಿಯನೋರಾಳಿಗೆ ಸ್ವಲ್ಪ ನಿದ್ದೆ ಬಂತು. ಒಂದೆರಡು ದಿನ ಊಟವೂ ಸೇರಿತು. ಆದರೆ ಕ್ರಿಸ್ಮಸ್ ಕಳೆದು ಚಳಿ ಜೋರಾದಾಗ ಒಂದು ಬೆಳಿಗ್ಗೆ ಹಿಟ್ಟಿನ ಡಬ್ಬ ಎತ್ತುತ್ತಿದ್ದವಳು ಸೊಂಟ ಹಿಡಿದು ಕೂತುಬಿಟ್ಟಳು. ಒಳಬಟ್ಟೆಯಲ್ಲಿ ರಕ್ತದ ಕಲೆ ಕಂಡಿತು. ಸೂಲಗಿತ್ತಿ ಬಂದು, ಮಗು ಇದೆ, ಅಲುಗಾಡದೆ ಮಲಗಲಿ ಎಂದು ಹೇಳಿ, ಹೋಗುವಾಗ ಬಾಗಿಲ ಹತ್ತಿರ ಮೊನ್ನಾ ಪಿಪ್ಪಾಳ ಕಿವಿಯಲ್ಲಿ ಇನ್ನೇನೋ ಹೇಳಿ ಹೋದಳು. ಅಷ್ಟು ಸಾಕಾಯಿತು. ಮನೆಯಲ್ಲಿ ಯಾರಾದರೂ ಮಾಟ ಹೂತಿಟ್ಟಿದ್ದಾರೇನೋ ಎಂದು ಮೊನ್ನಾ ಪಿಪ್ಪಾ ಹಾಸಿಗೆ, ದಿಂಬು ಒಂದೊಂದನ್ನೇ ಹರಿದು ನೋಡತೊಡಗಿದಳು. ತನ್ನ ಹಾಸಿಗೆಯಿಂದ ಶುರು ಮಾಡಿದಳು. ಮುಗಿದದ್ದು ಓರ್ಸೊಲಾಳ ಹಾಸಿಗೆಯಲ್ಲಿ.

ದಿಯನೋರಾಳಿಗೆ ಕೇಳಿಸಿದ್ದು ಮೊದಲು ಕೂಗು. ಆಮೇಲೆ ಅತ್ತೆ ಓರ್ಸೊಲಾಳ ಜಡೆ ಹಿಡಿದು ಎಳೆದುಕೊಂಡೇ ಸೊಸೆಯ ಮಂಚದ ಮುಂದೆ ಬಂದಳು. ಹಿಂದೆಯೇ ಗೆರಾರ್ದೋ. ನೋಫ್ರಿ ಮತ್ತೆ ಉಣ್ಣೆಬಟ್ಟೆಯ ಮೂಟೆಗಳ ಜೊತೆ ಊರು ಬಿಟ್ಟು ಹೋಗಿ ಆಗಲೇ ಕೆಲವು ದಿನವಾಗಿತ್ತು.

"ನೋಡು ನೋಡು, ನಿನ್ನ ಮುಖ! ಕಣ್ಣಿಗೆ ಚುಚ್ಚಿದಾಳೆ, ಕೊರಳಿಗೆ ಚುಚ್ಚಿದಾಳೆ. ಉಪ್ಪು ಬೇರೆ ಹಾಕಿದಾಳೆ ಮುಂಡೆ! ನಮ್ಮ ಅನ್ನ ತಿಂದು ನಮ್ಮ ಮನೇಲೇ!"

"ಎಲ್ಲಿಂದ ಬಂತು ಇದು?" ಎಂದ ಗೆರಾರ್ದೋ.

"ಚಿತ್ರಗಾರರ ಅಂಗಡಿಯಿಂದ ತಂದೆ."

"ಯಾರು ತರೋಕೆ ಹೇಳಿದ್ದು?"

ಓರ್ಸೊಲಾ ಒಂದೇ ಒಂದು ಸಲ ದಿಯನೋರಾಳ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

"ಯಾರೂ ಹೇಳಲಿಲ್ಲ. ನಾನೇ ತಂದೆ."

"ಯಾಕೆ?"

ಓರ್ಸೊಲಾ ಜಡೆಯ ಬುಡವನ್ನು ಕೈಯಿಂದ ಒತ್ತಿಹಿಡಿದಳು.

ದಿಯನೋರಾಳ ಒಂದು ಮಾತು ಸಾಕಿತ್ತು. ನಾನೇ ಕಳಿಸಿದ್ದು ಅತ್ತೆ. ದಿಯನೋರಾ ಬಾಯಿ ತೆರೆದಳು. ಅಷ್ಟರಲ್ಲೇ ಹೆದರಿಕೆ ನಾಲ್ಕು ಕಡೆಯಿಂದ ಮುತ್ತಿಕೊಂಡಿತು. ಗಂಡನಿಲ್ಲದಾಗ ಚಿತ್ರಗಾರನಿಗೆ ಆಳು ಕಳಿಸಿದ ಸೊಸೆ, ಹೊಟ್ಟೆಯಲ್ಲಿರುವುದು ಯಾರದೋ ಎಂದು ಓಣಿಯವರು ಕೇಳುವ ಸೊಸೆ. ಅದಕ್ಕಿಂತ ಕೆಟ್ಟದಾದ ಇನ್ನೊಂದು ಹೆದರಿಕೆ ಆಗಲೇ ಹುಟ್ಟಿತು. ಬಾಲ್ದೋನ ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಹಾಳೆ ಇದ್ದದ್ದು ಓರ್ಸೊಲಾಳ ಕೈಯಲ್ಲಿ ಮಾತ್ರ. ಚುಚ್ಚಿದ್ದು ಇವಳೇ ಆಗಿದ್ದರೆ? ಚೆಕ್ಕಾಳಿಗೂ ಗಂಜಿ ಮಾಡಿ ಕುಡಿಸಿದವಳು ಇವಳೇ ಅಲ್ಲವೇ? ಅಷ್ಟು ದಿನ ಬೆನ್ನು ತಿಕ್ಕಿದವಳ ಮೇಲೆ ಒಂದು ಗಳಿಗೆಯಲ್ಲಿ ಇಂಥ ಅನುಮಾನ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಅನುಮಾನ ಹೋಗಲಿಲ್ಲ. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ನ್ಯಾಯಾಧಿಕಾರಿಗಳಿಗೆ ಒಪ್ಪಿಸಿ. ಹಗ್ಗಕ್ಕೆ ಕಟ್ಟಿ ಎಳೆದ್ರೆ ಎಲ್ಲ ಕಕ್ತಾಳೆ," ಎಂದಳು ಮೊನ್ನಾ ಪಿಪ್ಪಾ.

"ಹೂಂ, ಒಪ್ಪಿಸು. ಆಮೇಲೆ ನಮ್ಮ ಬಟ್ಟೆ ಯಾರು ಕೊಳ್ತಾರೆ? ಮಾಟದ ಮನೆಯ ಬಣ್ಣ ಅಂತ ಬೀದೀಲಿ ಉಗೀತಾರೆ," ಎಂದ ಗೆರಾರ್ದೋ. "ಪೀಸಾ ಬಂದರಿಗೆ ಹೋಗೋ ದಲ್ಲಾಳಿ ಬಂದಿದಾನೆ. ಸದ್ದಿಲ್ಲದೆ ಮಾರಿಬಿಡೋಣ."

"ಹಡಗು ಹತ್ತಿಸ್ತಾನಾ?"

"ಎಲ್ಲಿಗಾದ್ರೂ ಹತ್ತಿಸ್ಲಿ. ನಮಗ್ಯಾಕೆ?"

ಓರ್ಸೊಲಾಳನ್ನು ಬಣ್ಣದ ಕೊಟ್ಟಿಗೆಯಲ್ಲಿ ಕೂಡಿಹಾಕಿದರು. ದಿಯನೋರಾ ಮಂಚದ ಮೇಲೆ ಹೊರಳಾಡಿದಳು. ನಾಳೆ ಹೇಳುತ್ತೇನೆ ಅಂದುಕೊಂಡಳು. ನಾಳೆ ಆದಮೇಲೆ, ಗಂಡ ಬರಲಿ, ಅವನಿಗೆ ಹೇಳುತ್ತೇನೆ ಅಂದುಕೊಂಡಳು. ಗಂಡನಿಗಿಂತ ಮೊದಲು ದಲ್ಲಾಳಿಯ ಗಾಡಿ ಬಂತು. ಓರ್ಸೊಲಾ ಗಾಡಿ ಹತ್ತುವಾಗ ಕಿಟಕಿಯ ಕಡೆ ತಲೆಯೆತ್ತಿ, "ರಸಕ್ಕೆ ಸೇಜ್ ಎಲೆ ಹಾಕಬೇಡಿ ಯಜಮಾನತಿ, ಅಮ್ಮಾವ್ರಿಗೆ ವಾಂತಿಯಾಗುತ್ತೆ," ಎಂದು ಕೂಗಿದಳು.

"ಬಾಯ್ಮುಚ್ಚೇ!" ಎಂದಳು ಮೊನ್ನಾ ಪಿಪ್ಪಾ. ಆದರೂ ಅಂದಿನ ರಸಕ್ಕೆ ಸೇಜ್ ಹಾಕಲಿಲ್ಲ.

ನೋಫ್ರಿ ಬಂದದ್ದು ಮಾರನೆಯ ದಿನ ಮಧ್ಯಾಹ್ನ. ಕಾಲಿನ ಕೆಸರು ತೊಳೆಯುವ ಮೊದಲೇ ದಿಯನೋರಾ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬೈಯಲಿಲ್ಲ. ಯಾರೂ ಮುಟ್ಟದೆ ಬುಟ್ಟಿಯಲ್ಲಿ ಬಿದ್ದಿದ್ದ ಆ ಹಾಳೆಯನ್ನು ಎತ್ತಿಕೊಂಡು ನೇರ ಬಾಲ್ದೋನ ಅಂಗಡಿಗೆ ಹೋದ. ತಿರುಗಿ ಬಂದಾಗ ಅವನ ತೋಳೆಲ್ಲ ಮಸಿ, ಕೈಯಲ್ಲಿ ಒಂದು ಪುಟ್ಟ ಬಟ್ಟೆಯ ಗಂಟು.

"ಎಲ್ಲರೂ ಬನ್ನಿ ಇಲ್ಲಿ," ಎಂದು ಅಡುಗೆಮನೆಯಲ್ಲಿ ನಿಂತು ಕರೆದ.

ಸುಣ್ಣದ ಗೋಡೆಗೆ ಹಾಳೆ ಒತ್ತಿ ಹಿಡಿದು, ಇದ್ದಿಲಪುಡಿ ತುಂಬಿದ ಆ ಗಂಟಿನಿಂದ ಅದರ ಮೇಲೆಲ್ಲ ತಟ್ಟಿದ. ಹಾಳೆ ತೆಗೆದ. ಗೋಡೆಯ ಮೇಲೆ ಕಪ್ಪು ಚುಕ್ಕೆಗಳಲ್ಲಿ ದಿಯನೋರಾ ಇದ್ದಳು. ಅದೇ ಹಣೆ, ಅದೇ ಕಣ್ಣು, ಅದೇ ಅರ್ಧ ಕೊರಳು.

"ಹಾಳೇಲಿರೋ ಮುಖನ ಹಲಗೆಗೆ ಇಳಿಸೋದು ಹೀಗೇ ಅಂತೆ. ಅದಕ್ಕೇ ಗೆರೆ ಮೇಲೆಲ್ಲ ಸೂಜಿ. ಊರಿನ ಚಿತ್ರಗಾರರೆಲ್ಲ ಮಾಡೋದೇ ಇದು! ಬಾಲ್ದೋ ಬಿದ್ದುಬಿದ್ದು ನಕ್ಕ."

ಗೆರಾರ್ದೋ ಹತ್ತಿರ ಹೋಗಿ ಒಂದು ಚುಕ್ಕೆಯನ್ನು ನೀಲಿ ಉಗುರಿನಿಂದ ಕೆರೆದ. "ಎಲಾ ಇವನ! ಇಷ್ಟೇನಾ!" ಎಂದು ಅವನೂ ನಗಲು ಹೋದ. ಯಾರೂ ಜೊತೆ ಕೊಡದ್ದರಿಂದ ನಿಲ್ಲಿಸಿದ.

"ಹಾಗಾದ್ರೆ ಆ ಉಪ್ಪು?" ಎಂದಳು ಮೊನ್ನಾ ಪಿಪ್ಪಾ.

"ಅತ್ತೆ, ನನ್ನ ಕೆಡುಕು ಅವಳ ಮೈಗೆ ಹೋಗ್ಲಿ ಅಂತ ಅವಳೇ ಇಟ್ಟದ್ದು. ಹಾಳೆ ತರೋಕೆ ಕಳಿಸಿದ್ದು ನಾನು. ಅವಳನ್ನ ವಾಪಸ್ ಕರೆಸಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮೊನ್ನಾ ಪಿಪ್ಪಾ ಸೊಸೆಯ ಮುಖವನ್ನೊಮ್ಮೆ, ಗೋಡೆಯ ಮುಖವನ್ನೊಮ್ಮೆ ನೋಡಿದಳು.

"ಇಷ್ಟು ದಿನ ಬಾಯಿ ಎಲ್ಲಿಟ್ಟಿದ್ದೆ? ಒಂದು ಮಾತು ಹೇಳಿದ್ರೆ ನಾನ್ಯಾಕೆ ಅವಳ ಜಡೆ ಹಿಡೀತಿದ್ದೆ? ನನ್ನ ಕೈಲಿ ಈ ಪಾಪ ಮಾಡಿಸಿದವಳು ನೀನು!"

"ಹೆದರಿಕೆಯಾಯ್ತು ಅತ್ತೆ."

"ನಿನಗೊಬ್ಬಳಿಗೇನಾ ಹೆದರಿಕೆ? ಚೆಕ್ಕಾಳ ಕಣ್ಣು ಮುಚ್ಚಿದ್ದು ಈ ಕೈ. ನಿನ್ನ ಬಟ್ಟೇಲಿ ರಕ್ತ ಕಂಡಾಗ ನನಗೆ ಹೇಗಾಗಿರಬೇಕು?" ಮುದುಕಿಯ ದನಿ ಒಡೆಯಿತು. ಅವಳು ಅಳುವುದನ್ನು ದಿಯನೋರಾ ಮೊದಲ ಸಲ ನೋಡಿದ್ದು.

ನೋಫ್ರಿ ಕುದುರೆ ಹತ್ತಿ ಪೀಸಾದ ದಾರಿ ಹಿಡಿದ. ಹಿಂತಿರುಗಿದವನು ಬರಿಗೈಯಲ್ಲಿ ಬಂದ. ದಲ್ಲಾಳಿ ಸಿಕ್ಕಿದ್ದನಂತೆ, ಓರ್ಸೊಲಾ ಆಗಲೇ ಕೈ ದಾಟಿದ್ದಳಂತೆ. ಕೊಂಡವನ ಹೆಸರು ಹೇಳಲು ದಲ್ಲಾಳಿ ಒಪ್ಪಲಿಲ್ಲವಂತೆ.

"ಬಿಡು, ಇನ್ನೊಬ್ಬಳನ್ನ ತಂದರಾಯ್ತು," ಎಂದ ಗೆರಾರ್ದೋ. ಆ ಹೊತ್ತು ಯಾರೂ ಅವನಿಗೆ ಬ್ರೆಡ್ಡು ಬಡಿಸಲಿಲ್ಲ. ತಾನೇ ಎದ್ದು ತೆಗೆದುಕೊಂಡ.

ಗೋಡೆಯ ಮುಖವನ್ನು ಮೊನ್ನಾ ಪಿಪ್ಪಾ ಒದ್ದೆ ಬಟ್ಟೆಯಿಂದ ಒರೆಸಿದಳು. ಪೂರ್ತಿ ಹೋಗಲಿಲ್ಲ, ಬೂದುಬಣ್ಣದ ಒಂದು ಕಲೆ ಒಲೆಯ ಪಕ್ಕದಲ್ಲಿ ಉಳಿಯಿತು. ದಿಯನೋರಾಳಿಗೆ ಈಗ ಸೂಜಿಯ ಹೆದರಿಕೆ ಇರಲಿಲ್ಲ. ಆದರೆ ಹೊಟ್ಟೆ ಬೆಳೆದಂತೆ ಬೇರೆ ಹೆದರಿಕೆ ಬೆಳೆಯಿತು. ತನ್ನ ಮೇಲೆ ಬರುವುದನ್ನು ಮೈಮೇಲೆ ಹಾಕಿಕೊಳ್ಳುತ್ತೇನೆ ಎಂದವಳನ್ನು ತಾನೇ ಗಾಡಿ ಹತ್ತಿಸಿದ್ದಾಯಿತು. ಇನ್ನು ಬರುವುದೆಲ್ಲ ನೇರ ತನಗೇ ಬರುತ್ತದೆ ಎಂದು ಅವಳು ನಂಬಿದ್ದಳು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಮನೆಯಲ್ಲಿ ಒಣಮೀನಿನ ವಾಸನೆ ತುಂಬಿದ್ದಾಗ ಬಾಲ್ದೋ ಚಿತ್ರ ತಂದ. ದಿಯನೋರಾಳಿಗೆ ಆಗ ತುಂಬು ಹೊಟ್ಟೆ. ಹಲಗೆಯನ್ನು ಮೇಜಿನ ಮೇಲೆ ನಿಲ್ಲಿಸಿ ಬಟ್ಟೆ ಸರಿಸಿದ. ಹಾಳೆಯಲ್ಲಿದ್ದ ಕೆಲವೇ ಗೆರೆ ಈಗ ಕೆಂಪು ರೇಷ್ಮೆ, ಮುತ್ತು, ಚಿನ್ನದ ಬಣ್ಣದ ಕೂದಲು ಆಗಿದ್ದವು. ಕೊರಳು ಪೂರ್ತಿಯಾಗಿತ್ತು. ಅವಳು ಮೊದಲು ನೋಡಿದ್ದು ಅದನ್ನೇ. ಆಮೇಲೆ ಕಣ್ಣು ಕೆಳಗಿಳಿಯಿತು.

ಮಡಿಲಲ್ಲಿ ಎರಡು ಕೈ ಒಂದು ಕೆಂಪು ಹೂ ಹಿಡಿದಿದ್ದವು. ಎಡಗೈಯ ಕಿರುಬೆರಳು ವಾರೆಯಾಗಿತ್ತು.

ಇಲ್ಲಿ ಕೂತು ಈ ಹೂ ಹಿಡ್ಕೋ ಅಂದ್ರು. ಆ ಗದ್ದಲದಲ್ಲಿ ದಿಯನೋರಾ ಮರೆತೇಬಿಟ್ಟಿದ್ದ ಮಾತು.

"ಚೆನ್ನಾಗಿದೆ," ಎಂದ ಗೆರಾರ್ದೋ. "ಹಲಗೆ ಹಳೇದು ಅಂತ ಗೊತ್ತೇ ಆಗಲ್ಲ."

ಮೊನ್ನಾ ಪಿಪ್ಪಾ ಚಿತ್ರದ ಹತ್ತಿರ ಬಗ್ಗಿದಳು. ಅವಳ ಕಣ್ಣು ಕೈಗಳ ಮೇಲೆ ನಿಂತಿತು. ತುಂಬ ಹೊತ್ತು ನಿಂತಿತು.

"ಈ ಬೆರಳು ಯಾಕೆ ಹೀಗೆ ವಾರೆ?"

ಬಾಲ್ದೋ ಏನೋ ಹೇಳಲು ಹೋದ. ಹೇಳಿದ್ದರೆ ಅತ್ತೆ ಆ ಕೈಗಳನ್ನು ಕೆರೆಸಿ ಹೊಸದು ಬರೆಸದೆ ಬಿಡುತ್ತಿರಲಿಲ್ಲ. ಒಲೆಯ ಪಕ್ಕದ ಕಲೆಯನ್ನು ಅವಳು ಒರೆಸಿ ಒರೆಸಿ ಗೋಡೆಯ ಸುಣ್ಣವೇ ಎದ್ದುಹೋಗಿತ್ತು. ಈ ಸಲ ದಿಯನೋರಾ ಬಾಯಿ ಮುಚ್ಚಲಿಲ್ಲ.

"ನನ್ನದೇ ಬೆರಳು ಅತ್ತೆ. ಅವತ್ತು ಕಿಟಕಿ ಹತ್ರ ಕೂತು ಕೂತು ಮರಗಟ್ಟಿ ಹಾಗೆ ಮಡಚಿಕೊಂಡಿತ್ತು. ಅವರು ಕಂಡ ಹಾಗೇ ಬರೆದಿದಾರೆ."

"ಎಲ್ಲಿ, ನಿನ್ನ ಕೈ ತೋರಿಸು."

ಶಾಲಿನೊಳಗಿಂದ ದಿಯನೋರಾ ಎಡಗೈ ಹೊರಗೆ ತೆಗೆದಳು. ಕಿರುಬೆರಳನ್ನು ಮಡಚಿ ಹಿಡಿದಿದ್ದಳು. ಮೊನ್ನಾ ಪಿಪ್ಪಾ ಅದನ್ನು ನೋಡಿದಳು, ಸೊಸೆಯ ಮುಖ ನೋಡಿದಳು. ಒಲೆಯ ಕಡೆ ತಿರುಗಿದಳು.

"ಮೀನು ಸೀಯ್ತಾ ಇದೆ. ತಟ್ಟೆ ಹಾಕು," ಎಂದಳು.

ಅಂದಿನಿಂದ ಅತ್ತೆಯ ಎದುರಿಗೆ ಕೂತಾಗೆಲ್ಲ ದಿಯನೋರಾ ಆ ಬೆರಳನ್ನು ಮಡಚಿಯೇ ಇಟ್ಟುಕೊಳ್ಳುತ್ತಿದ್ದಳು. ಬರಬರುತ್ತ ಎದುರಿಗೆ ಯಾರೂ ಇಲ್ಲದಿದ್ದರೂ ಅದು ಹಾಗೇ ಇರುತ್ತಿತ್ತು. ಈಸ್ಟರ್ ಕಳೆದ ಮೇಲೆ ಒಂದು ಬೆಳಿಗ್ಗೆ ನೋವು ಶುರುವಾಯಿತು. ಸೂಲಗಿತ್ತಿ ಮಂಚದ ಕಂಬಕ್ಕೆ ಉದ್ದನೆಯ ಬಟ್ಟೆ ಬಿಗಿದು, ಅದರ ತುದಿಯನ್ನು ಅವಳ ಕೈಗೆ ಕೊಟ್ಟಳು.

"ಎರಡೂ ಕೈಲಿ ಗಟ್ಟಿಯಾಗಿ ಹಿಡ್ಕೊಳಮ್ಮಾ. ಬೆರಳು ಬಿಡಿಸು, ಯಾಕೆ ಹಾಗೆ ಮಡಚಿದೀಯ?"

"ಇರಲಿ ಬಿಡು," ಎಂದಳು ಮೊನ್ನಾ ಪಿಪ್ಪಾ, ಸೊಸೆಯ ಬೆನ್ನು ತಿಕ್ಕುತ್ತ. "ಅದು ಹಾಗೇ ಇರಲಿ."